ಸೀರೆ ಉಟ್ಟ ಕಂಬ

ಫೆಬ್ರುವರಿ ೩, ಸೋಮವಾರ

ಇವತ್ತು ಒಪ್ಪತ್ತು. ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಲಿಂಗಪೂಜೆ ಮುಗಿಸಿ, ಮನೆಯವರಿಗೆ ರೊಟ್ಟಿ ಬಡಿದಿಟ್ಟು ಪಂಚಾಯ್ತಿಗೆ ಓಡಿದೆ. ನೀರು ಸಮಿತಿಯ ಮೀಟಿಂಗ್. ನಾನು ಅಧ್ಯಕ್ಷೆ. ಓದಿದ್ದು ಏಳನೇ ಇಯತ್ತೆ. ಊರವರು ಕುರ್ಚಿಯಲ್ಲಿ ಕೂರಿಸಿದ್ದಾರೆ, ಕೂತಿದ್ದೇನೆ.

ಹೊಸ ಟ್ಯಾಂಕು ಕಟ್ಟಿ ಮುಗಿದಿದೆ. ಅದಕ್ಕೆ ಹೊಳೆಯ ನೀರು ಬರಬೇಕು. ಬರುವ ಮೊದಲು ಹುಬ್ಬಳ್ಳಿಯಿಂದ ತಪಾಸಣೆಯವರು ಬರುತ್ತಾರೆ, ಹದಿನೇಳಕ್ಕೆ. ಅವರು ಸರ್ಕಾರದವರೂ ಅಲ್ಲ, ಕಟ್ಟಿದ ಕಂಪನಿಯವರೂ ಅಲ್ಲ. ಮೂರನೆಯವರು. ಅವರು ಹೂಂ ಅಂದರೆ ಈ ಬೇಸಿಗೆಗೆ ಮನೆಮನೆಗೆ ನಲ್ಲಿ. ಇಲ್ಲದಿದ್ದರೆ ಬೋರಿನ ಸವಳು ನೀರೇ ಗತಿ. ಹಾಲು ಹಾಕಿದರೆ ಚಹಾ ಒಡೆಯುತ್ತದೆ.

ನಮ್ಮನ್ನು ತಯಾರು ಮಾಡಲು ಕಂಪನಿಯ ಇಂಜಿನಿಯರು ವಿಜಯೀಂದ್ರ ಬಂದಿದ್ದ. ಮೆತ್ತಗಿನ ಮಾತಿನ ಹುಡುಗ. "ಕೇಳಿದ್ದಕ್ಕಷ್ಟ ಉತ್ತರ ಹೇಳ್ರಿ" ಅಂದ. ನೀರುಗಂಟಿ ಗುದ್ಲೆಪ್ಪನಿಗೆ ವಾಲ್ವ್ ಯಾವಾಗ ತಿರುವುತ್ತೀರಿ ಎಂದು ಕೇಳಿದರೆ, ಬೆಳಗ್ಗೆ ನಾಯಿ ಬೆನ್ನು ಹತ್ತಿದ್ದರಿಂದ ಹಿಡಿದು ಮಗಳ ಬೀಗರ ಮನೆತನಕ ಹೋದ.

"ನಾ ಕೇಳಿದ್ದು ವಾಲ್ವಿನ ಸುದ್ದಿರಿ, ಬೀಗರದಲ್ಲ."

"ಇವರಕ್ಕಿಂತ ನನ್ನ ಮಕ್ಕಳು ಚಲೋ ಉತ್ತರ ಹೇಳ್ತಾವ್ರಿ" ಎಂದಳು ಮಹೆಕ. ಅವಳೂ ಸಮಿತಿಯವಳೇ. ಟ್ಯಾಂಕಿನ ಬುಡದ ಅಂಗನವಾಡಿ ನಡೆಸುತ್ತಾಳೆ. ನಕ್ಕು ನಕ್ಕು ಹಸಿವೆ ಮರೆಯಿತು.

ಫೆಬ್ರುವರಿ ೫, ಬುಧವಾರ

ಟ್ಯಾಂಕರಿನಿಂದ ನೀರು ತಂದು ಟ್ಯಾಂಕು ತುಂಬಿಸಿ ಬಿಟ್ಟಿದ್ದಾರೆ, ನಿಲ್ಲುತ್ತದೋ ನೋಡಲು. ಮಧ್ಯಾಹ್ನ ಫಕ್ಕೀರವ್ವಕ್ಕ ಓಡಿ ಬಂದಳು. ನನ್ನ ಭಾವನ ಹೆಂಡತಿ. ಇಬ್ಬರದೂ ಒಂದೇ ಒಲೆ.

"ನೀಲಾ, ಕಂಬ ಬೆವತೈತಿ! ಗಂಗವ್ವ ಇಳದ ಬಂದಾಳ!"

ಹೋಗಿ ನೋಡಿದೆ. ಟ್ಯಾಂಕು ಹೊತ್ತ ಕಂಬಗಳಲ್ಲಿ ಅಂಗನವಾಡಿ ಬಾಗಿಲ ಪಕ್ಕದ್ದು. ಮೇಲಿನಿಂದ ಕೆಳತನಕ ತೇವ. ಮೈ ಜುಮ್ಮೆಂದಿತು. ಬಾವಿಯಲ್ಲಿ ಹೊಸ ನೀರು ಕಂಡರೆ ನಮ್ಮ ಕಡೆ ಉಡಿ ತುಂಬುತ್ತೇವೆ. ಟ್ಯಾಂಕಿಗೆ ಯಾಕೆ ಬೇಡ? ಓಣಿಯ ಹೆಂಗಸರೆಲ್ಲ ಸೇರಿದೆವು. ಅರಿಷಿಣ, ಕುಂಕುಮ, ಹಸಿರು ಸೀರೆ. ಕಾಯಿ ಒಡೆದವಳು ನಾನೇ.

ಫೆಬ್ರುವರಿ ೬, ಗುರುವಾರ

ವಿಜಯೀಂದ್ರ ಬೈಯುತ್ತಾನೆ ಅಂದುಕೊಂಡಿದ್ದೆ. ಬೂಟು ಕಳಚಿ ಕೈಮುಗಿದ! "ಸೀರಿ ಗಿಡ್ಡ ಆಗ್ಯದ ಅಕ್ಕಾರ. ಇನ್ನೊಂದು ನಾ ತರಸ್ತೀನಿ. ಮ್ಯಾಲಿನತನಕ ಉಡಸ್ರಿ." ಸಂಜೆಗೆ ಇಳಕಲ್ ಸೀರೆ ಬಂತು, ಕಂಪನಿಯ ಜೀಪಿನಲ್ಲಿ. ಕೂಲಿಯವರು ಏಣಿ ಹಾಕಿ ಉಡಿಸಿದರು. ಎಂಥ ಸಂಸ್ಕಾರದ ಹುಡುಗ. ಹೆತ್ತವಳ ಹೊಟ್ಟೆ ತಣ್ಣಗಿರಲಿ.

ಫೆಬ್ರುವರಿ ೧೧, ಮಂಗಳವಾರ, ಸಂಜೆ

ಅಕ್ಷರ ಎತ್ತಲೋ ಹೋಗುತ್ತಿವೆ...

ಮತ್ತೆ ತಾಲೀಮು ಇತ್ತು. ವಿಜಯೀಂದ್ರ ತಾನೇ ತಪಾಸಣೆಯವನಾದ. "ಈ ಕಂಬಕ್ಕ ಸೀರಿ ಯಾಕ?"

"ಗಂಗವ್ವ ಬಂದಾಳ್ರಿ" ಎಂದ ಗುದ್ಲೆಪ್ಪ.

"ಬಿಚ್ರಿ, ನೋಡಬೇಕು." ವಿಜಯೀಂದ್ರ ನನ್ನ ಕಡೆ ತಿರುಗಿದ. "ಇಲ್ಲೆ ನೀವು ಬರಬೇಕು ಅಕ್ಕಾರ. ದೇವರದ, ಮುಟ್ಟಬ್ಯಾಡ್ರಿ ಅಂತ ಗಟ್ಟಿ ಹೇಳ್ರಿ."

ಯಾಕೆ, ಕೈ ತೊಳೆದು ಮುಟ್ಟಲಿ ಅಂದೆ.

ಅವನು ನಕ್ಕ. "ಮುಟ್ಟಿದ್ರ ಸೋರೂದು ಕಾಣ್ತದಲ್ರಿ."

"ಏನ್ ಸೋರೂದು?"

ಅವನ ನಗು ನಿಂತಿತು. "ನಿಮಗ ಗೊತ್ತಿಲ್ಲೇನ್ರಿ? ಮ್ಯಾಲೆ ಬಿರುಕು ಬಿಟ್ಟದ. ಅದನ್ನ ಮುಚ್ಚಲಿಕ್ಕೆ ನೀವ ಪೂಜಾದ ಉಪಾಯ ಹೂಡೀರಿ ಅಂತ ನಾ... ಹಾನಗಲ್ ಆಫೀಸಿನಾಗ ಎಲ್ಲಾರ ಮುಂದ ಹೊಗಳೀನ್ರಿ. ಎಂಥಾ ಶ್ಯಾಣ್ಯಾ ಹೆಣಮಗಳು ಅಂತ."

ಶಿವಶಿವಾ.

ನಾನು ಕಣ್ಣೀರು ತಂದುಕೊಂಡು ಕೈಮುಗಿದಿದ್ದೆ. ಅವನಿಗೆ ಅದು ಉಪಾಯವಾಗಿ ಕಂಡಿದೆ. ಆ ಮಾತು ಆಫೀಸಿನವರೆಲ್ಲರ ಬಾಯಲ್ಲಿ ಓಡಾಡಿದೆ.

ಮಹೆಕ ಎದ್ದು ನಿಂತಳು. "ನನ್ನ ಮಕ್ಕಳು ದಿನಾ ಅದರ ಬುಡಕ ಕುಂದ್ರಾಕತ್ತಾವಲ್ರಿ!"

"ಬೀಳೂದಿಲ್ಲ ಬಿಡ್ರಿ. ಈಗ ಒಡದು ಕಟ್ಟಿದ್ರ ಬ್ಯಾಸಿಗಿ ಮುಗೀತದ. ಮೊದಲು ನೀರು ಬರಲಿ, ಆಮ್ಯಾಲೆ ರಿಪೇರಿ ಮಾಡೂಣು."

ಗುದ್ಲೆಪ್ಪ ನೆಲ ನೋಡುತ್ತಲೇ ಹೂಂಗುಟ್ಟಿದ.

ಫೆಬ್ರುವರಿ ೧೨, ಬುಧವಾರ

ಭಾರತ ಹುಣ್ಣಿಮೆ. ಹೋಳಿಗೆಗೆ ಬೇಳೆ ಇಡಬೇಕಿತ್ತು. ಇಡಲಿಲ್ಲ. ಮಿಂದು, ವಿಭೂತಿ ಧರಿಸಿ ಟ್ಯಾಂಕಿಗೆ ಹೋದೆ.

ಫಕ್ಕೀರವ್ವ ಅಡ್ಡ ನಿಂತಳು. "ಉಡಿ ತುಂಬಿದ ಕೈಲೆ ಸೀರಿ ಬಿಚ್ಚತೀಯೇನ? ದೊಡ್ಡ ಅಧ್ಯಕ್ಷಿಣಿ ಬಂದ್ಲು!"

"ಒಳಗ ಗಂಗವ್ವ ಇದ್ರ ಆಕಿನ ನನ್ನ ಕೈ ಹಿಡೀಲಿ ಬಿಡಕ್ಕಾ."

ಯಾರೂ ಹಿಡಿಯಲಿಲ್ಲ. ಜಗ್ಗಿದೆ. ಒದ್ದೆ ಸೀರೆಯ ಹಿಂದೆಯೇ ಒಂದು ಹೆಕ್ಕಳ ಕಳಚಿ ಬಂತು, ರೊಟ್ಟಿಯಷ್ಟು ಅಗಲ. ದಪ್ಪ ಗಾರೆ. ಮಕ್ಕಳು ಬಿಟ್ಟಿದ್ದ ಚಪ್ಪಲಿಗಳ ಮೇಲೆ ಬಿತ್ತು. ಕಂಬದಲ್ಲಿ ಸರಳು ಕಾಣುತ್ತಿದೆ. ತುಕ್ಕು. ಹೊಸ ಟ್ಯಾಂಕಿಗೆ ತುಕ್ಕು!

ಮಹೆಕ ಮಾತೇ ಆಡದೆ ಮಕ್ಕಳನ್ನು ಎತ್ತಿಕೊಂಡು, ನಡೆಸಿಕೊಂಡು ಮಠದ ಪಡಸಾಲೆಗೆ ಸಾಗಿಸಿದಳು.

ಫಕ್ಕೀರವ್ವ ಸರಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅಳುತ್ತಾಳೆ ಅಂದುಕೊಂಡೆ. ಮೆಲ್ಲಗೆ ಅಂದಳು: "ಕಂಡಿದ್ದು ಕಂಡೇವಿ. ಮತ್ತ ಉಡಸು, ನೀಲಾ. ಹುಡುಗರು ಹೆಂಗೂ ಮಠದಾಗ ಇರ್ತಾವು. ಬ್ಯಾಸಿಗಿ ಒಂದು ಕಳೀಲಿ."

ಗಾರೆ ಬಿದ್ದಾಗಲೂ ಇಷ್ಟು ಬೆಚ್ಚಿರಲಿಲ್ಲ.

ಫೆಬ್ರುವರಿ ೧೪, ಶುಕ್ರವಾರ, ಮಧ್ಯಾಹ್ನ

ಸೀರೆ ಮತ್ತೆ ಕಂಬದ ಮೇಲಿದೆ. ಯಾರು ಉಡಿಸಿದರು ಎಂದು ಕೇಳಲಿಲ್ಲ. ಕೇಳಿದರೆ ಓಣಿಯ ಎಲ್ಲ ಮನೆಯ ಹೆಸರೂ ಬಂದೀತು.

ತಪಾಸಣೆಯವರು ಬರುವ ಮೊದಲೇ ಸಮಿತಿಯವರಿಗೆಲ್ಲ ಪ್ರಶ್ನೆ ಕಳಿಸಿದ್ದಾರೆ. ಉತ್ತರ ಇವತ್ತೇ ಹೋಗಬೇಕು. ಮಹೆಕ ಎಲ್ಲರದನ್ನೂ ಕೂಡಿಸುತ್ತಿದ್ದಾಳೆ. ನನಗೆ ಕೇಳಿದ್ದು ಒಂದೇ. ಟ್ಯಾಂಕಿನಲ್ಲಿ ನೀರು ನಿಲ್ಲಿಸಿ ನೋಡಿದಾಗ ಏನು ಕಂಡಿರಿ?

ವಿಜಯೀಂದ್ರನ ಫೋನು. "ಎಲ್ಲಾ ಚಲೋ ಅದ ಅಂತ ಬರೀರಿ ಅಕ್ಕಾರ. ನಿಮ್ಮಂಥಾ ದೈವಭಕ್ತರು ಅಂದ್ರ ಯಾರೂ ಸಂಶಯ ಪಡೂದಿಲ್ಲ."

ಇಟ್ಟುಬಿಟ್ಟೆ. ಇನ್ನೂ ಕಿವಿ ಉರಿಯುತ್ತಿದೆ.

ಬರೆದೆ. ಬಿರುಕು, ತುಕ್ಕು, ಚಪ್ಪಲಿಯ ಮೇಲೆ ಬಿದ್ದ ಗಾರೆ. ಸೀರೆ ಬಿಚ್ಚಿಸಿ ನೋಡಿರಿ, ದೇವರಿಗೆ ಸಿಟ್ಟು ಬರುವುದಿಲ್ಲ, ಉಡಿಸಿದವರಲ್ಲಿ ನಾನೂ ಒಬ್ಬಳು ಅಂತಲೂ. ಸಹಿ ಹಾಕಿದೆ.

ಫಕ್ಕೀರವ್ವ ಖಾಲಿ ಕೊಡ ತಂದು ಮುಂದೆ ಕುಕ್ಕಿದಳು. "ಬರದೇನ? ಹಂಗಾರ ಈ ಬ್ಯಾಸಿಗಿ ಮನಿ ನೀರೆಲ್ಲಾ ನೀನ ಹೊರು."

"ಹೊರತೇನಿ" ಅಂದೆ. ಅಂದದ್ದೇನೋ ಹೌದು.

ಹೊರಗೆ ಕಟ್ಟೆಯ ಮೇಲೆ ಓಣಿಯ ಹೆಂಗಸರು ಕೂತಿದ್ದಾರೆ. ಬೈಯಲು ಬಂದಿಲ್ಲ. ಬೇಡಿಕೊಳ್ಳಲು ಬಂದಿದ್ದಾರೆ. ಅವರಲ್ಲೊಬ್ಬಳು ಬಸುರಿ. ಬೈದರೆ ದಾಟಿ ಹೋಗುತ್ತಿದ್ದೆ; ಕೈ ಹಿಡಿದುಕೊಂಡರೆ ಏನು ಮಾಡಲಿ? ಎದ್ದು ಹೋಗಿ ಉತ್ತರ ಕೊಡುವ ಧೈರ್ಯ ಇಲ್ಲ. ಇಟ್ಟುಕೊಂಡು ಕೂತರೆ ನನ್ನ ಮೇಲೆ ನನಗೇ ನಂಬಿಕೆ ಇಲ್ಲ.

ಮಹೆಕಳಿಗೆ ಫೋನ್ ಹಚ್ಚಿದೆ. ಅಂಗನವಾಡಿ ಸಾಮಾನು ಸಾಗಿಸುತ್ತಿದ್ದಳೋ ಏನೋ, ಏದುಸಿರು. ನಾನೇ ಅಂದೆ:

"ಯವ್ವಾ, ನಾ ಅಲ್ಲಿತನಕ ಬರೂದಾಗೂದಿಲ್ಲ. ನೀನ ಬಂದು ನನ್ನ ಉತ್ತರ ಒಯ್ಯಿ. ಈಗ ಬಾ. ಇವರು ಒಳಗ ಬರಾಕತ್ತಾರು, ನಾ ಅದನ್ನ ಹರಿಯೂದ್ರೊಳಗ—"