ಭಾನುವಾರ ಸಂಜೆ ಏಳರ ತನಕ

ಐವಿಂದ್,

ಬೆಟ್ಟದ ತಂಗುಮನೆಗೆ ಹೊರಟೆ. ಬೀಗದ ಕೈ ನನ್ನ ಬಳಿ ಇದೆ, ಹುಡುಕಬೇಡ. ಈ ವಾರ ಅಲ್ಲಿ ಯಾರೂ ಇಲ್ಲ. ನಾನೇ ಒಲೆ ಹಚ್ಚಿ, ನೀರಿಗೆ ಹಿಮ ಕರಗಿಸಿಕೊಳ್ಳಬೇಕು. ಫೋನೂ ಸಿಗುವುದಿಲ್ಲ.

ಮೀನಿನ ಸಾರು ಫ್ರಿಜ್‌ನಲ್ಲಿದೆ. ಬಿಸಿ ಮಾಡಿಕೊಂಡು, ಕೂತು ಊಟ ಮಾಡು.

ಭಾನುವಾರ ಸಂಜೆ ಏಳರೊಳಗೆ ಬರುತ್ತೇನೆ. ಅದಕ್ಕೆ ಮುಂಚೆ ರಕ್ಷಣಾ ತಂಡಕ್ಕೆ ಫೋನ್ ಮಾಡಬೇಡ. ಹೋದ ಚಳಿಗಾಲ ನನಗೆ ಎರಡು ತಾಸು ತಡವಾಗಿದ್ದಕ್ಕೆ ನೀನು ಹೆಲಿಕಾಪ್ಟರ್ ಕರೆಸಿದೆ. "ಏನಕ್ಕಾ, ನಿಮ್ಮ ಯಜಮಾನ್ರು ನಿಮ್ಮನ್ನ ಒಂದು ಗಳಿಗೆನೂ ಬಿಟ್ಟಿರಲ್ವಾ?" ಎಂದು ಅವರು ನಕ್ಕರು. ಮನೆಗೆ ಬಂದು ನಿನ್ನನ್ನು ಬೈದೆ. ಅಂದಿನಿಂದ ನಾನು ಎಲ್ಲಿಗೆ ಹೊರಟರೂ ನೀನು ಕೇಳುವುದನ್ನೇ ಬಿಟ್ಟಿದ್ದೀಯ.

ಏಳಾದ ಮೇಲೂ ಬರದಿದ್ದರೆ, ಆ ಬೈಗುಳ ನೆನೆದು ಸುಮ್ಮನೆ ಕೂರಬೇಡ. ಫೋನ್ ಮಾಡು. ನಕ್ಕರೆ ನಗಲಿ.

ರಾಗ್ನಿಲ್