ಅರ್ಗಿರೊಳ ತಟ್ಟೆ

ಅಕ್ಟೋಬರ್ ೧೨, ಭಾನುವಾರ. ಕವಾಲಾ ಬಂದರು

ಇಪ್ಪತ್ತು ವರ್ಷದಿಂದ ಭಾನುವಾರದ ಊಟ ಅರ್ಗಿರೊಳ ಹೋಟೆಲಿನಲ್ಲೇ. ಅಡುಗೆಮನೆಗೇ ನುಗ್ಗಿ, ಪಾತ್ರೆಗಳ ಮುಚ್ಚಳ ತೆಗೆದು, ಬೇಕಾದ್ದನ್ನು ಆರಿಸುತ್ತೇನೆ. ಇವತ್ತು ಅಥೆನ್ಸಿನ ಬೀಗರು ಬಂದಿದ್ದರು. ಆ ಮಸಿ ಹಿಡಿದ ಗೋಡೆಗಳನ್ನು ತೋರಿಸಲು ನಾಚಿ, ಎದುರಿನ ಹೊಸ ಹೋಟೆಲಿಗೆ ಕರೆದೊಯ್ದೆ. ಅರ್ಗಿರೊಳ ಬಾಗಿಲ ಮುಂದೆ ಹಾದುಹೋಗುವಾಗ ಸಮುದ್ರದ ಕಡೆ ಮುಖ ತಿರುಗಿಸಿಕೊಂಡೆ.

ಊಟದ ನಡುವೆ ಅವಳೇ ತಟ್ಟೆ ಹಿಡಿದು ರಸ್ತೆ ದಾಟಿ ಬಂದಳು. "ಥಾನಾಸಿ, ನಿಂಗೇಂತ ಮೀನಿನ ತಲೆ ತೆಗೆದಿಟ್ಟಿದ್ದೆ ಕಣೋ. ಇಲ್ಲಿಯೋರು ಬಿಸಾಕ್ತಾರೆ."

"ಯಾರಿವರು?" ಎಂದರು ಬೀಗರು.

"ಎದುರು ಹೋಟೆಲಿನವಳು" ಎಂದೆ, ಅಷ್ಟೇ.

ಅರ್ಗಿರೊ ನಗುತ್ತಲೇ ತಟ್ಟೆ ಇಟ್ಟಳು. "ತಟ್ಟೆ ಯಾರ ಕೈಲಾದ್ರೂ ಕಳಿಸು."

ಬೀಗರೆದುರು ಮುಟ್ಟಲಿಲ್ಲ. ಮನೆಗೆ ತಂದು, ಒಬ್ಬನೇ ನಿಂತು ಚೀಪಿ ತಿಂದೆ. ರುಚಿಯಾಗಿತ್ತು, ಥೂ. ತಟ್ಟೆಯನ್ನು ಎರಡು ಸಲ ತೊಳೆದಿದ್ದೇನೆ. ಯಾರ ಕೈಯಲ್ಲಿ ಕಳಿಸಲಿ? ನಾನೇ ಹೋದರೆ, ಯಾವ ಮುಖ ಇಟ್ಟುಕೊಂಡು ಅವಳ ಪಾತ್ರೆಗಳ ಮುಚ್ಚಳ ತೆಗೆಯಲಿ...