ಹತ್ತರಲ್ಲಿ ಮೂರು

ನವೆಂಬರ್ ೧೪, ಗುರುವಾರ

ಆ ಹೊಸ ಐರನ್‌ಗಳನ್ನು, ಅಂದರೆ ಲೋಹದ ತಲೆಯ ಗಾಲ್ಫ್ ಕೋಲುಗಳನ್ನು, ಇಟ್ಟುಕೊಳ್ಳಲೋ, ನಾಳೆ ಅಂಗಡಿಗೆ ಹಿಂತಿರುಗಿಸಲೋ ಎಂಬುದೇ ಬೆಳಗಿನಿಂದ ತಲೆ ತಿನ್ನುತ್ತಿತ್ತು. ಗಾಲ್ಫ್ ಕಲಿತು ಹನ್ನೊಂದು ವರ್ಷವಾಯಿತು. ಇವು ಪಳಗಿದ ಕೈಗಳಿಗೆಂದೇ ಮಾಡಿದ, ತೆಳು ಅಂಚಿನ, ಪುಟ್ಟ ಮುಖದ ಕೋಲುಗಳು.

ಚೆಂಡು ಎಲ್ಲಿ ತಗುಲಿತೆಂದು ಗುರುತು ಬೀಳಲಿ ಅಂತ ಕೋಚ್ ಒಂದರ ಮುಖಕ್ಕೆ ಕಾಗದದ ಪಟ್ಟಿ ಅಂಟಿಸಿದರು. "ಇವು ತಪ್ಪನ್ನ ಮುಚ್ಚಿಡಲ್ಲ ಮೇಡಂ, ಆಮೇಲೆ ನನ್ನ ಬೈಬೇಡಿ," ಎಂದರು. ಹತ್ತು ಹೊಡೆತಗಳಲ್ಲಿ ಏಳು ಅಂಚಿಗೆ ಬಡಿದು ಅಂಗೈ ಜುಮ್ಮೆಂದಿತು. ನನ್ನ ಹಳೆಯ ದಪ್ಪ ಐರನ್‌ಗಳು ಇಂಥವನ್ನೆಲ್ಲ ಸದ್ದಿಲ್ಲದೆ ಸರಿಪಡಿಸುತ್ತಿದ್ದವು. ನಾನು ಅದನ್ನು ನನ್ನ ಜಾಣ್ಮೆ ಎಂದುಕೊಂಡಿದ್ದೆ. ಉಳಿದ ಮೂರು ನಟ್ಟನಡುವೆ ತಗುಲಿದವು. ಆಗ ಕೈಯಲ್ಲಿ ಕೋಲಿದೆ ಎಂಬುದೇ ತಿಳಿಯಲಿಲ್ಲ. ಒಳ್ಳೆಯ ಕವಿತೆ ಓದುವಾಗ ಅಕ್ಷರಗಳು ಕಾಣದೆ ಹೋಗುವ ಹಾಗೆ.

ಮನೆಗೆ ಬಂದು ಇವರಿಗೆ ಪಟ್ಟಿ ತೋರಿಸಿದೆ.

"ಎಂ.ಎ. ಓದಿದೋಳಿಗೆ ಹತ್ತಕ್ಕೆ ಮೂರಾ? ಫೇಲು ಕಣೇ!"

"ಫೇಲೇ ರೀ. ಆದ್ರೆ ಆ ಮೂರೂ ನಂದೇ."

ಹಾಗೆ ಹೇಳಿದ ಮೇಲೆ ಹಿಂತಿರುಗಿಸುವ ಮಾತೆಲ್ಲಿ? ಹಳೆಯವು ತಂಗಿಗೆ. ಪಟ್ಟಿಯನ್ನು ಈ ಪುಟಕ್ಕೇ ಅಂಟಿಸಿದ್ದೇನೆ. ಅಂಗೈ ಇನ್ನೂ ನೋಯುತ್ತಿದೆ, ಹಿತವಾಗಿಯೇ. ಪೆನ್ನು ಹಿಡಿಯಲು ಮಾತ್ರ ಆಗುತ್ತಿಲ್ಲ…